ಐದು ಮನೆ ಶ್ರುತಿಯ ಜೀಪು

ಹಳೇ ಜೀಪಿನಲ್ಲಿ ಸದ್ದು ಬರುತ್ತದೆ ಎಂದು ದೂರುವವನನ್ನು ನಮ್ಮ ಕೊಪ್ಪದ ಕಡೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಬಾನೆಟ್ಟಿನ ಕೊಕ್ಕೆ ಕಟಕಟ ಅನ್ನುತ್ತದೆ, ಹಿಂದಿನ ಬಾಗಿಲು ದಡಬಡ, ಟಾರ್ಪಾಲು ಪಟಪಟ, ಡೀಸೆಲ್ ಎಂಜಿನ್ನು ತನ್ನ ಪಾಡಿಗೆ ತಾನು ಗುಡುಗುಡು. ಇವೆಲ್ಲ ಸೇರಿದರೇ ಜೀಪು. ಸದ್ದೇ ಬೇಡದವನು ಕಾರು ತಗೊಳ್ಳಲಿ, ಮಳೆಗಾಲದಲ್ಲಿ ನಮ್ಮನೆ ದಿಣ್ಣೆ ಹತ್ತಿಸಿ ತೋರಿಸಲಿ.

ಆದರೆ ಈ ಸದ್ದು ಆ ಮೇಳಕ್ಕೆ ಸೇರಿದ್ದಲ್ಲ. ಹರಿಹರಪುರ ದಾಟಿ ಶೃಂಗೇರಿ ಕಡೆಗೆ ರಸ್ತೆ ಒಂಚೂರು ನೆಟ್ಟಗಾಯಿತೋ, ಸೀಟಿನ ಕೆಳಗಿನಿಂದ ಗುಂಯ್ ಎಂದು ಒಂದೇ ಎಳೆಯಾಗಿ ಏಳುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೆ ಅಡಗುತ್ತಿತ್ತು, ಒತ್ತಿದರೆ ಮತ್ತೆ ಹಾಜರ್. ಪಕ್ಕದಲ್ಲಿ ಕೂತವರು ಮಾತು ನಿಲ್ಲಿಸಿ, "ಎಂಥದ್ದದು?" ಎನ್ನುತ್ತಿದ್ದರು. ಕೇಳಿದವರೇ ಮರುಕ್ಷಣ ಉತ್ತರವನ್ನೂ ಕೊಡುತ್ತಿದ್ದರು.

ಹಳೇ ಗಾಡಿಯ ಸದ್ದಿಗೆ ಕಿವಿಗೊಟ್ಟ ಪ್ರತಿಯೊಬ್ಬನಿಗೂ ಕೇಳುವುದು ತನ್ನ ಅಂಗಡಿಯ ಸಾಮಾನು. ಟೈರಿನವನಿಗೆ ಅದು ಟೈರು: "ಹಲ್ಲು ಓರೆ ಸವೆದಿದೆ ಭಟ್ರೇ, ನಾಲ್ಕೂ ಹಾಕ್ಸಿ." ಸ್ಪೇರ್ ಪಾರ್ಟ್ಸ್ ಮಾರುವವನಿಗೆ ವೀಲ್ ಬೇರಿಂಗು. ಗೇರ್‌ಬಾಕ್ಸ್ ಬಿಚ್ಚುವವನಿಗೆ ಗೇರ್‌ಬಾಕ್ಸು. ಹಳೇ ಗಾಡಿಯ ದಲ್ಲಾಳಿಯೊಬ್ಬ ಕಿವಿಯ ಹತ್ತಿರ ಬಂದು, ಡಿಫ್ರೆನ್ಸಿನ (ಡಿಫರೆನ್ಷಿಯಲ್ಲಿನ) ಎಣ್ಣೆಗೆ ಎರಡು ಹಿಡಿ ಗರಗಸದ ಹೊಟ್ಟು ಬೆರೆಸಿದರೆ ಯಾವ ಸದ್ದೂ ತಿಂಗಳೊಪ್ಪತ್ತು ಮಲಗಿಬಿಡುತ್ತದೆ, ಅಷ್ಟರಲ್ಲಿ ಗಾಡಿ ಮಾರಬಹುದು ಎಂದ. ನನ್ನ ಹೆಂಡತಿಯ ಸಲಹೆಯಲ್ಲಿ ಹೊಟ್ಟು ಇರಲಿಲ್ಲ, ಮಾರುವುದು ಮಾತ್ರ ಇತ್ತು.

ಈ ಪಂಡಿತರಿಗೆಲ್ಲ ರಸ್ತೆಯೇ ಉತ್ತರ ಹೇಳಿತು. ಟೈರಿನ ಸದ್ದಾದರೆ ಡಾಂಬರಿನ ಮೇಲೊಂದು, ಕಾಂಕ್ರೀಟಿನ ಮೇಲೊಂದು, ಮಣ್ಣಿನ ಮೇಲೆ ಇಲ್ಲವೇ ಇಲ್ಲ. ನಮ್ಮದು ಮೂರರ ಮೇಲೂ ಒಂದೇ. ವೀಲ್ ಬೇರಿಂಗಾದರೆ ತಿರುವಿನಲ್ಲಿ ಬಾಯಿಬಿಡಬೇಕು. ಗಾಡಿ ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಾಲಿಯ ಮೇಲೆ, ಬಲಕ್ಕೆ ತಿರುಗುವಾಗ ಎಡಗಾಲಿಯ ಮೇಲೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲೂ ಸದ್ದು ಎಡ ಬಲ ಎಂಬ ಭೇದ ಮಾಡಲಿಲ್ಲ. ಉಳಿದದ್ದು ಗೇರ್‌ಬಾಕ್ಸು ಮತ್ತು ಅದರಿಂದ ಹಿಂದಕ್ಕೆ, ಮುಂದಕ್ಕೆ ಕಬ್ಬಿಣದ ಚಿಪ್ಪುಗಳೊಳಗೆ ಅಡಗಿ ಕೂತ ಹಲ್ಲುಗಳು.

ಆಗ ಜೀಪು ಹತ್ತಿದವರು ನಮ್ಮ ಸೋದರತ್ತೆ. ಊರಿನ ಅರ್ಧ ಹೆಣ್ಣುಮಕ್ಕಳಿಗೆ ಸರಳೆ, ಜಂಟಿ ಕಲಿಸಿದವರು. ಎಪ್ಪತ್ತು ದಾಟಿದ್ದಾರೆ; ಐವತ್ತು ದಾಟಿದ ನಾನು ಅವರಿಗೆ ಇನ್ನೂ ಮಾಣಿ. ಶಾರದಾಂಬೆಯ ದರ್ಶನಕ್ಕೆ ಹೊರಟವರು ಮಂಡಿ ನೋವೆಂದು ಹಿಂದಿನ ಉದ್ದ ಸೀಟಿನಲ್ಲಿ ಕಾಲು ನೀಡಿ ಕೂತರು. ಜತೆಗೆ ಎಂಜಿನಿಯರಿಂಗ್ ಓದುವ ಅವರ ಮೊಮ್ಮಗ. ರಸ್ತೆ ನೆಟ್ಟಗಾಯಿತು, ಗುಂಯ್ ಎದ್ದಿತು. ನಾನು ವಿವರಣೆಗೆ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಪ್ಪಣೆಯಾಯಿತು.

"ಏ ಮಾಣಿ, ಹಿಂಗೇ ಓಡಿಸು. ಏರಿಸ್ಬೇಡ, ಇಳಿಸ್ಬೇಡ. ನಿನ್ನ ಜೀಪು ಸರಿಯಾಗಿ ಐದು ಮನೆಗೆ ನಿಂತಿದೆ."

ಐದು ಮನೆ ಅವರ ಶ್ರುತಿ. ಕಣ್ಣು ಮುಚ್ಚಿ ಹಂಸಧ್ವನಿ ಎತ್ತಿಯೇ ಬಿಟ್ಟರು. ಎದುರಿಗೆ ದನ ಅಡ್ಡ ಬಂದು ಬ್ರೇಕ್ ಒತ್ತಿದರೆ ಬೈಗಳು ದನಕ್ಕಲ್ಲ, ನನಗೆ. ದಿಬ್ಬ ಬಂತೆಂದು ನಾಲ್ಕರಿಂದ ಮೂರಕ್ಕೆ ಗೇರು ಇಳಿಸಿ ಅದೇ ವೇಗ ಹಿಡಿದೆ. ಎಂಜಿನ್ನು ಕಿರುಚಿಕೊಂಡಿತು. ಅತ್ತೆ ಆಲಾಪನೆ ನಿಲ್ಲಿಸಿ ಹೇಳಿದರು: "ಎಂಜಿನ್ ಶ್ರುತಿ ಬದಲಾಯ್ತು, ಇದರದ್ದು ಬದಲಾಗ್ಲಿಲ್ಲ. ಇದು ಮುಂದಿಂದಲ್ಲ ಮಾಣಿ, ನನ್ನ ಕುಂಡೆ ಕೆಳಗಿಂದ ಬರ್ತಾ ಉಂಟು."

ಟೈರಿನವನೂ ಗೇರ್‌ಬಾಕ್ಸಿನವನೂ ಸೇರಿ ಹೇಳಲಾಗದ್ದು ಅದು. ಗೇರು ಬದಲಾದರೂ ಬದಲಾಗದ ಸದ್ದು ಎಂಜಿನ್ನಿನದ್ದಲ್ಲ. ಗಾಲಿಯ ಜೊತೆಗೇ ತಿರುಗುವ ಯಾವುದೋ ವಸ್ತುವಿನದ್ದು.

ಮೊಮ್ಮಗನಿಗೆ ಹುರುಪು ಬಂತು. ನನ್ನ ಸ್ಪೀಡೋಮೀಟರ್ ಸತ್ತು ವರ್ಷಗಳಾಗಿದ್ದರಿಂದ ಅವನ ಮೊಬೈಲೇ ಗತಿ. ಅದರ ಪ್ರಕಾರ ವೇಗ ಗಂಟೆಗೆ 36 ಕಿ.ಮೀ., ಸದ್ದು ಸೆಕೆಂಡಿಗೆ 196 ಕಂಪನ. ಮನೆಗೆ ಬಂದು ಟೈರಿಗೆ ಸುಣ್ಣದ ಗುರುತು ಹಾಕಿ, ಅಂಗಳದಲ್ಲಿ ಒಂದು ಸುತ್ತು ತಳ್ಳಿ ಅಳೆದೆವು: 2.2 ಮೀಟರ್. 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್, ಗಾಲಿ ಸೆಕೆಂಡಿಗೆ ನಾಲ್ಕೂವರೆ ಸುತ್ತಿಗೆ ತುಸು ಹೆಚ್ಚು. 196ನ್ನು ಅದರಿಂದ ಭಾಗಿಸಿದರೆ 43. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಡಿಫ್ರೆನ್ಸಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಗಾಲಿಯ ಜೊತೆ ತಿರುಗುವ ಕ್ರೌನಿಗೆ 39. ಯುದ್ಧ ಮುಗಿದು ಜೀಪು ಹೊಲ ಉಳಲು ಬಂದಾಗ ಎಳೆತ ಹೆಚ್ಚಲೆಂದು ಕ್ರೌನಿಗೆ 43 ಮಾಡಿದರು. ನಮ್ಮ ಜೀಪಿನದ್ದೂ ಎಂಟು–ನಲವತ್ಮೂರೇ. ಅತ್ತೆಯ ಜತೆ ಶ್ರುತಿ ಹಿಡಿದವರು ಈ ಕ್ರೌನ್ ದೊರೆಗಳು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಹುಡುಗ ನಿಲ್ಲಿಸಲಿಲ್ಲ. ವೇಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಕಂಪನವೂ ಹೆಚ್ಚುವುದರಿಂದ, 24 ಕಿ.ಮೀ. ವೇಗವನ್ನು ಷಡ್ಜ ಎಂದಿಟ್ಟುಕೊಂಡರೆ 36 ಪಂಚಮ, 48 ಮೇಲಿನ ಷಡ್ಜ. ನಡುವಿನದ್ದನ್ನೂ ಗುಣಿಸಿದ: 24, 27, 30, 32, 36, 40, 45, 48. ಸಾಕ್ಷಾತ್ ಶಂಕರಾಭರಣದ ಆರೋಹಣ! ಅತ್ತೆ ಕಾಗದ ಓದಿ, ಕನ್ನಡಕ ತೆಗೆದು, "ಹಂಸಧ್ವನಿಗೆ ಮಧ್ಯಮ ಧೈವತ ಇಲ್ಲ. 32ಕ್ಕೂ 40ಕ್ಕೂ ನಿಲ್ಲಿಸ್ಬೇಡ, ಹಾರಿಸ್ಕಂಡು ಹೋಗು" ಎಂದರು. ಮಲೆನಾಡಿನ ರಸ್ತೆಯಲ್ಲಿ ಹೊಂಡ ತಪ್ಪಿಸುವುದೇ ಕಷ್ಟ, ಇನ್ನು ಸ್ವರ ತಪ್ಪಿಸುವುದೆಲ್ಲಿಂದ?

ಈ ಲೆಕ್ಕದ ಕಾಗದ ಹಿಡಿದು ಮೇಸ್ತ್ರಿಯ ಹತ್ತಿರ ಹೋದೆ. ಅವರು ಗ್ರೀಸಿನ ಕೈಯಲ್ಲೇ ತೆಗೆದುಕೊಂಡು ನೋಡಿ, "ಎಂಟು–ನಲವತ್ಮೂರು ಅಂತ ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ ಭಟ್ರೇ" ಎಂದರು. ಆಮೇಲೆ ನಾವಿಬ್ಬರು ಗಣಿತಜ್ಞರೂ ಯೋಚಿಸದ ಪ್ರಶ್ನೆ ಹಾಕಿದರು: "ಮುಂದಿನ ಹೌಸಿಂಗಲ್ಲೂ ನಲವತ್ಮೂರೇ ಉಂಟಲ್ಲ. ಸದ್ದು ಯಾವುದ್ರದ್ದು?" ಹೌದು, ಫೋರ್ ವೀಲಿನಲ್ಲಿ ಹಿಂದುಮುಂದಿನ ಲೆಕ್ಕ ಒಂದೇ ಇರಬೇಕು, ಇಲ್ಲದಿದ್ದರೆ ಮುಂದಿನದ್ದೂ ಹಿಂದಿನದ್ದೂ ಹಗ್ಗಜಗ್ಗಾಟಕ್ಕೆ ನಿಲ್ಲುತ್ತವೆ. ಅತ್ತೆಯ ಆಸನದ ಸಾಕ್ಷ್ಯ ಹಿಂದಿನದ್ದನ್ನು ತೋರಿಸುತ್ತಿತ್ತು, ಮೇಸ್ತ್ರಿಗೆ ಅದು ಸಾಲಲಿಲ್ಲ. ಕೆಳಗೆ ತೂರಿ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ತೆಗೆದರು. ಕೋಲು ಎಳೆದು ಫೋರ್ ವೀಲಿಗೆ ಹಾಕಿದರು. ಈಗ ಎಳೆಯುವುದು ಮುಂದಿನ ಗಾಲಿ ಮಾತ್ರ; ಹಿಂದಿನ ಗಾಲಿ, ಬೇರಿಂಗು, ಹಲ್ಲು ಎಲ್ಲ ತಿರುಗುತ್ತವೆ, ಎಳೆಯುವ ಭಾರ ಅವಕ್ಕಿಲ್ಲ. ರಸ್ತೆಗೆ ಇಳಿಸಿದೆವು. ಗುಂಯ್ ಮಾಯ. ಒಂದು ಸ್ಪ್ಯಾನರಿನಲ್ಲಿ ಮುಗಿದ ಈ ಪರೀಕ್ಷೆ ಇಂಥ ಫೋರ್ ವೀಲ್ ಗಾಡಿಗಷ್ಟೇ ಸಾಧ್ಯ. ಇದಕ್ಕಿಂತ ಚೊಕ್ಕ ತರ್ಕವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಹಿಂದಿನ ಡಿಫ್ರೆನ್ಸಿನ ಡ್ರೈನ್ ಪ್ಲಗ್ ಬಿಚ್ಚಿದಾಗ ಇಳಿದದ್ದು ಹಾಲು ಬೆರೆಸಿದ ಕಾಫಿ. ನೀರು ಸೇರಿದ ಗೇರ್ ಎಣ್ಣೆಯ ಬಣ್ಣವೇ ಅದು. ಹಲ್ಲುಗಳ ಮೈ ಸಿಡುಬು ಬಂದಂತೆ ಕುಳಿ ಕುಳಿ, ಪಿನಿಯನ್ ಬೇರಿಂಗಿನಲ್ಲಿ ಆಟ. ಕ್ರೌನು ಪಿನಿಯನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದವು. ಒಂದನ್ನೇ ಬದಲಾಯಿಸಿದರೆ ಸದ್ದು ಇನ್ನಷ್ಟು ಜೋರಾಗುತ್ತದೆ. ಹೊಸ ಜೋಡಿ, ಹೊಸ ಬೇರಿಂಗು ಬಂತು. ಮೇಸ್ತ್ರಿ ಹಲ್ಲಿಗೆ ಬಣ್ಣ ಬಳಿದು, ತಿರುಗಿಸಿ, ಗುರುತು ಹಲ್ಲಿನ ನಡುಮೈಗೆ ಬರುವ ತನಕ ಶಿಮ್ ತೆಗೆದು ಹಾಕಿ, ಹಾಕಿ ತೆಗೆದು, ಮಧ್ಯಾಹ್ನದ ಊಟವನ್ನೇ ಬಿಟ್ಟರು. ವೀಣೆ ಶ್ರುತಿ ಮಾಡುವವರಿಗೂ ಅಷ್ಟು ತಾಳ್ಮೆ ಇರುವುದಿಲ್ಲ ಎಂದು ಅತ್ತೆ ಒಪ್ಪಿದರೂ, ಈಗ ಶೃಂಗೇರಿಗೆ ಹೊರಟಾಗ ಶ್ರುತಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಾರೆ. ಅದರ ಬ್ಯಾಟರಿಯ ಖರ್ಚು ನನ್ನದು.

ನೀರು ಒಳಗೆ ಹೋದದ್ದು ಬ್ರೀದರ್ ಕಟ್ಟಿದ್ದರಿಂದ. ಹೌಸಿಂಗಿನ ನೆತ್ತಿಯ ಮೇಲೆ, ಬಿಸಿಯಾದ ಗಾಳಿ ಹೊರಬರಲೆಂದು ಇಟ್ಟ ಗುಬಟು ಅದು. ಕೆಸರು ಮೆತ್ತಿ ಅದು ಮುಚ್ಚಿಹೋದರೆ, ಕಾದ ಹೌಸಿಂಗು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆಯಿಲ್ ಸೀಲಿನ ಸಂದಿನಿಂದಲೇ ನೀರು ಹೀರಿಕೊಳ್ಳುತ್ತದೆ. ಜೀಪಿರುವವರೇ, ಮಳೆಗಾಲ ಮುಗಿದ ಕೂಡಲೇ ಕೆಳಗೆ ತೂರಿ ಆ ಗುಬಟನ್ನೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆದುಬಿಡಿ. ಖರ್ಚು ಕಾಸಿಲ್ಲ, ಅಂಗಿ ಮಾತ್ರ ಹಳೆಯದು ಹಾಕಿಕೊಳ್ಳಿ.