ಪಕ್ಕೆ ಗೋಡೆ

ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ ಅಂದರೆ ನನಗೆ ಅರ್ಧ ಗಂಟೆ ಬೇಕು. ಕಾಂಪೌಂಡಿನ ಆ ಕಡೆ ಪಕ್ಕದ ಮನೆಯವರೂ ಬಕೆಟ್ಟು ಹಿಡಿದು ನಿಂತಿರುತ್ತಾರೆ. ಹೊಸಬರು, ಗೃಹಪ್ರವೇಶ ಆಗಿ ಎರಡು ತಿಂಗಳಾಯಿತು. ಮನೆಯ ಮುಂಭಾಗಕ್ಕೆ ಗ್ರಾನೈಟು, ಮರದ ಹಾಗೆ ಕಾಣೋ ಟೈಲು, ದೃಷ್ಟಿಗೆ ಅಂತ ಬೂದುಗುಂಬಳ. ಸಿ.ವಿ. ರಾಮನ್ ನಗರದ ನಮ್ಮ ಬೀದಿಯಲ್ಲಿ ಹೋಗೋರು ಬೈಕು ನಿಲ್ಲಿಸಿ ನೋಡುತ್ತಾರೆ.

ನನ್ನ ಅಡುಗೆಮನೆ ಕಿಟಕಿಗೆ ಕಾಣೋದು ಅದರ ಪಕ್ಕೆ. ಮೂರು ಅಂತಸ್ತೂ ಬರೀ ಸಾಲಿಡ್ ಬ್ಲಾಕು, ಗಿಲಾವು ಇಲ್ಲ. ಸಂದಿನಿಂದ ಉಕ್ಕಿದ ಗಾರೆ ಹಾಗೇ ಒಣಗಿ, ಬಾಣಲೆ ಅಂಚಿಗೆ ಅಂಟಿದ ಬೋಂಡಾ ಹಿಟ್ಟಿನ ಹಾಗೆ ನೇತಾಡುತ್ತಿದೆ. ಮೇಲೆ ಪಾರಿವಾಳದ ಸಂಸಾರ. ಚದುರಿದ ಬೆಳಕು ಬಣ್ಣ ಬದಲಾಯಿಸುತ್ತೆ ಅಂತ 1928ರಲ್ಲಿ ತೋರಿಸಿಕೊಟ್ಟವರ ಹೆಸರಿನ ಬಡಾವಣೆ ಇದು. ನನ್ನ ಒಲೆಕಟ್ಟೆಗೆ ಬೀಳೋ ಬೆಳಕಿಗೆ ಮಾತ್ರ ಒಂದೇ ಬಣ್ಣ, ಸಿಮೆಂಟಿಂದು.

"ಇದಕ್ಕೊಂದು ರೂಲ್ಸ್ ಇಲ್ವೇನ್ರೀ?" ಅಂತ ನಮ್ಮನೆಯವರನ್ನು ಕೇಳಿದೆ. ಅವರಿಗೆ ಇಂಥ ಪ್ರಶ್ನೆ ಅಂದರೆ ಹಬ್ಬ. ಪಾಲಿಕೆಯ 2003ರ ಬೈಲಾ, 2015ರ ಗುರಿಯಿಟ್ಟು 2007ರಲ್ಲೇ ಜಾರಿಗೆ ಬಂದ ಮಾಸ್ಟರ್ ಪ್ಲಾನು, ಎಲ್ಲಾ ಹರಡಿಕೊಂಡು ಕೂತರು. ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಕಟ್ಟಬಹುದು, ಕಾರು ಎಲ್ಲಿ ನಿಲ್ಲಿಸಬೇಕು, ಎಲ್ಲಾ ಇದೆ. ಎಚ್‌ಎಎಲ್ ವಿಮಾನ ನಿಲ್ದಾಣ ಹತ್ತಿರ ಇರೋದರಿಂದ ಎತ್ತರಕ್ಕೂ ಲೆಕ್ಕ ಇದೆ. ನಮ್ಮಂಥವರ ಮನೆಗೋಡೆಯ ಹೊರಮೈ ಕಲ್ಲಾಗಿರಬೇಕೋ, ಇಟ್ಟಿಗೆಯೋ, ಸುಣ್ಣವೋ ಅನ್ನೋದಕ್ಕೆ ಮಾತಿಲ್ಲ. ಗೋಡೆ ಎಲ್ಲಿ ನಿಲ್ಲಬೇಕು ಅಂತ ಸರ್ಕಾರ ಹೇಳುತ್ತೆ, ಏನುಟ್ಟುಕೊಂಡು ನಿಲ್ಲಬೇಕು ಅಂತ ಹೇಳಲ್ಲ.

ಎಲ್ಲಾ ಕಡೆ ಹೀಗಿಲ್ಲ. 1876ರಲ್ಲಿ ಇಂಗ್ಲೆಂಡಿನ ಯುವರಾಜ ಬರ್ತಾನೆ ಅಂತ ಜೈಪುರಕ್ಕೆ ಬಳಿದ ಗುಲಾಬಿಯನ್ನು ಅಲ್ಲಿನ ಕೋಟೆಯೊಳಗಿನ ಊರು ಇವತ್ತಿಗೂ ಬಿಟ್ಟಿಲ್ಲ. ಅಷ್ಟು ದೂರ ಯಾಕೆ, ಕಗ್ಗದಾಸಪುರದ ಅಪಾರ್ಟ್‌ಮೆಂಟಿನಲ್ಲಿರೋ ನನ್ನ ತಂಗಿ ಬಾಲ್ಕನಿಯ ಹೊರಗೋಡೆಗೆ ಹಳದಿ ಹೊಡೆಸಿದ್ದಕ್ಕೆ ಅಸೋಸಿಯೇಷನ್‌ನವರು ಚೀಟಿ ಕಳಿಸಿದರು. 1972ರ ಅಪಾರ್ಟ್‌ಮೆಂಟ್ ಕಾಯ್ದೆಯಲ್ಲಿ ಮುಖ್ಯ ಗೋಡೆಗಳು ಎಲ್ಲರ ಸ್ವತ್ತು. ಸ್ವಂತ ಸೈಟಿನವರಿಗೆ ಆ ಕಾಟ ಇಲ್ಲ. ಗೋಡೆ ಅವರದು, ನೋಡೋ ಕರ್ಮ ನಮ್ಮದು.

ಮೊನ್ನೆ ಸೋಮವಾರ ಕೇಳಿಯೇಬಿಟ್ಟೆ. "ಈ ಕಡೆ ಗಿಲಾವು ಮಾಡಿಸಲ್ವೇನ್ರೀ?"

ಅವರು ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ನಕ್ಕರು. "ಹೇಗ್ರೀ ಮಾಡಿಸೋದು? ಸಾರುವೆ ಕಟ್ಟೋಕೆ ಜಾಗ ಎಲ್ಲಿದೆ? ಪ್ಲಾನಲ್ಲಿ ಮೂರಡಿ, ನೆಲದ ಮೇಲೆ ಒಂದೂವರೆ. ಮೇಸ್ತ್ರಿ ನಿಮ್ಮ ಕಡೆ ಕಂಬ ಊರಬೇಕು ಅಂದ. ನಿಮ್ಮ ಯಜಮಾನರನ್ನ ಕೇಳಿದ್ವಿ, ಗಿಡ ಹಾಳಾಗುತ್ತೆ ಅಂದ್ರು."

ಬೈಲಾ ಓದಿದ ಮಹಾನುಭಾವರು ಇದೊಂದನ್ನು ನನಗೆ ಹೇಳಿರಲಿಲ್ಲ. ಗಿಡ ಅಂದರೆ ಒಂದು ದಾಸವಾಳ, ಎರಡು ಕುಂಡ ದೊಡ್ಡಪತ್ರೆ.

"ಮಳೆ ಬಂದರೆ ನಮ್ಮ ರೂಮಿನ ಒಳಗೋಡೆ ತೇವ ಹೀರಿ ಪೇಂಟು ಉದುರ್ತಿದೆ," ಅಂದರು. ಆಮೇಲೆ ದನಿ ತಗ್ಗಿಸಿ, "ನೀವು ಬೇಜಾರು ಮಾಡ್ಕೋಬಾರದು. ನಮ್ಮ ದೇವರ ಮನೆ ಕಿಟಕಿ ತೆಗೆದರೆ ನಿಮ್ಮ ಗೋಡೆನೇ ಕಾಣೋದು. ಅದೂ ಹಾಗೇ ಇದೆಯಲ್ಲಾ?"

ತಿರುಗಿ ನೋಡಿದೆ. ಹೌದು. ನಾವು ಕಟ್ಟಿಸುವಾಗ ಆ ಸೈಟು ಖಾಲಿ, ಎದೆಯೆತ್ತರ ಪಾರ್ಥೇನಿಯಂ. "ಆ ಕಡೆ ಯಾರು ನೋಡ್ತಾರೆ, ದುಡ್ಡು ಮುಂಭಾಗಕ್ಕೆ ಹಾಕಿ" ಅಂದಿದ್ದು ನಾನೇ. ಹದಿನಾಲ್ಕು ವರ್ಷದಿಂದ ನಮ್ಮ ಬ್ಲಾಕುಗಳೂ ಬರೀ ಮೈಯಲ್ಲೇ ನಿಂತಿವೆ, ಪಾಚಿ ಬೇರೆ.

ಭಾನುವಾರ ಮೇಸ್ತ್ರಿ ಬಂದು ನೋಡಿಕೊಂಡು ಹೋದ. ಕಂಬ ಊರೋದು ನಮ್ಮ ದಾಸವಾಳದ ಬುಡದಲ್ಲೇ. ಸಾರುವೆ ಒಂದೇ, ಕೂಲಿ ಎರಡು ಅಂದಿದ್ದಾನೆ.