ಬೈಲಾ ಪಂಡಿತರು

ಸಂಘ ಯಾವುದೇ ಇರಲಿ, ಸಾಹಿತ್ಯದ್ದೋ ಗೃಹನಿರ್ಮಾಣದ್ದೋ ಹಾಸ್ಟೆಲಿನದ್ದೋ, ಅಲ್ಲೊಬ್ಬರು ಬೈಲಾ ಪಂಡಿತರು ಇದ್ದೇ ಇರುತ್ತಾರೆ. ಬಗಲಲ್ಲಿ ಮೂಲೆ ಮಡಚಿದ ನಿಯಮಾವಳಿ, ಅದರ ಅಂಚಿನಲ್ಲೆಲ್ಲ ಕೆಂಪು ಶಾಯಿ. ಮಹಾಸಭೆಯಲ್ಲಿ ಜಮಾ-ಖರ್ಚು ಓದುವಾಗ ತೂಕಡಿಸುವ ಇವರು 'ಕಾರ್ಯಕಾರಿ ಸಮಿತಿಯ ರಚನೆ' ಎಂಬ ಮಾತು ಕಿವಿಗೆ ಬಿದ್ದೊಡನೆ ನೆಟ್ಟಗೆ ಕೂರುತ್ತಾರೆ. ಜನ ಇವರನ್ನು ಕಾನೂನಿನ ಹುಚ್ಚರೆಂದು ಭಾವಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಇವರ ಒಲವು ಕಾನೂನಿಗಿಂತ ಕೂಡುವ ಲೆಕ್ಕದ ಮೇಲೆ. ಪಂಡಿತರ ತಿದ್ದುಪಡಿ ಕುರ್ಚಿ ಸೇರಿಸುತ್ತದೆಯೇ ಹೊರತು ಕೂತವರನ್ನು, ಅದರಲ್ಲೂ ಪಂಡಿತರನ್ನು, ಎಬ್ಬಿಸುವುದಿಲ್ಲ. ಅಧ್ಯಕ್ಷರ ಅವಧಿ ಮುಗಿಯಿತೇ? 'ನಿಕಟಪೂರ್ವ ಅಧ್ಯಕ್ಷರು ಪದನಿಮಿತ್ತ ಸದಸ್ಯರು' ಎಂಬ ಒಂದು ಉಪನಿಯಮ. ಅದಕ್ಕೂ ಹಿಂದಿನವರು ಮುನಿಸಿಕೊಂಡರೇ? ಕಾಯಂ ಆಹ್ವಾನಿತರು, ಪೋಷಕರು, ಸಲಹೆಗಾರರು ಎಂದು ಸಾಲು ಬೆಳೆಯುತ್ತದೆ. ಕೊನೆಗೆ ಸಮಿತಿಯ ಸಭೆಗೆ ಸಭಾಂಗಣವೇ ಬೇಕಾಗುತ್ತದೆ, ಮಹಾಸಭೆಗೆ ಸಮಿತಿಯ ಕೋಣೆ ಸಾಕಾಗುತ್ತದೆ.

ಇದು ಬರೀ ಕುಹಕವಲ್ಲ, ದೇಶದ ಸಂವಿಧಾನವೇ ಈ ಮಹನೀಯರನ್ನು ಗಮನಿಸಿದೆ. 2011ರ 97ನೇ ತಿದ್ದುಪಡಿ, ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿ 21ಕ್ಕಿಂತ ಹೆಚ್ಚು ನಿರ್ದೇಶಕರು ಇರಕೂಡದು ಎಂದು ಗೆರೆ ಎಳೆಯಿತು. ಕುರ್ಚಿ ತಾನಾಗಿ ಬೆಳೆಯುವ ಗುಣವುಳ್ಳದ್ದಲ್ಲದಿದ್ದರೆ ಅದಕ್ಕೆ ಮಿತಿ ಹಾಕುವ ಪ್ರಮೇಯ ಏಕೆ ಬರುತ್ತಿತ್ತು? ಆದರೂ ಪರಿಣತರೆಂದು ಇಬ್ಬರನ್ನು ಆ ಸಂಖ್ಯೆಯ ಮೇಲೆಯೇ ಸೇರಿಸಿಕೊಳ್ಳಬಹುದು, ಅವರಿಗೆ ಮತ ಮಾತ್ರ ಇಲ್ಲ ಎಂದು ಅದೇ ತಿದ್ದುಪಡಿ ಹೇಳಿತು. (ರಾಜ್ಯದೊಳಗಿನ ಸಹಕಾರ ಸಂಘಗಳ ಮಟ್ಟಿಗೆ ಆ ಭಾಗವನ್ನು 2021ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು, ತಿದ್ದುವವರು ತಿದ್ದುವ ವಿಧಾನದಲ್ಲೇ ಎಡವಿದ್ದರು, ರಾಜ್ಯಗಳ ಅನುಮೋದನೆ ಪಡೆದಿರಲಿಲ್ಲ.) ಕ್ರಿಕೆಟ್ ಮಂಡಳಿಯ ಕಥೆ ಇನ್ನೂ ಸೊಗಸು. ಮಂಡಳಿಯ ಸುಧಾರಣೆಗೆಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿ ಹೇಳಿದಂತೆ, ಒಂದು ಅವಧಿ ಆಡಳಿತ ನಡೆಸಿದವರು ಮೂರು ವರ್ಷ ಹೊರಗಿರಬೇಕು ಎಂಬ ನಿಯಮವನ್ನು 2016ರಲ್ಲಿ ಕೋರ್ಟ್ ಒಪ್ಪಿತು. 2018ರಲ್ಲಿ ಅದು ಸತತ ಎರಡು ಅವಧಿಯ ನಂತರ ಎಂದಾಯಿತು. ಮಂಡಳಿ ಮತ್ತೆ ತಿದ್ದುಪಡಿ ಹಿಡಿದು ಕೋರ್ಟಿಗೆ ಹೋಯಿತು. 2022ರಲ್ಲಿ ರಾಜ್ಯ ಸಂಸ್ಥೆಯಲ್ಲಿ ಆರು, ಮಂಡಳಿಯಲ್ಲಿ ಆರು, ಒಟ್ಟು 12 ವರ್ಷದ ತನಕ ಕೂರಬಹುದು ಎಂದಾಯಿತು. ವಿಶ್ರಾಂತಿ ಬೇಡವೆಂದು ಯಾರೂ ಅನ್ನಲಿಲ್ಲ, ಪ್ರತಿ ಸಲವೂ ತುಸು ಮುಂದೆ ಹೋಯಿತು, ಅಷ್ಟೇ.

ಹಾಗಾದರೆ ನಿಯಮ ಬದಲಾಗಲೇಬಾರದೇ ಎಂದು ಕೇಳುವವರಿದ್ದಾರೆ. ಬದಲಾಗಬೇಕು. ಸಹಕಾರ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ, ಪರಿಶಿಷ್ಟರಿಗೆ ಒಂದು ಸ್ಥಾನ ಎಂದು ಹೇಳಿದ್ದೂ ಅದೇ 97ನೇ ತಿದ್ದುಪಡಿ. ವ್ಯತ್ಯಾಸ ಇಷ್ಟೇ: ಆ ಸ್ಥಾನಗಳು 21ರ ಒಳಗೇ ಬಂದವು, ಅಂದರೆ ಯಾರೋ ಜಾಗ ಬಿಡಬೇಕಾಯಿತು. ಪಂಡಿತರು ಮಹಿಳೆಯರನ್ನು ಸೇರಿಸುವುದು ಮಾತ್ರ ಇರುವ ಸ್ಥಾನಗಳ ಹೊರಗೆ, 'ಹೆಚ್ಚುವರಿಯಾಗಿ'. ಅನುಭವಿಗಳು ಬೇಡವೇ ಎಂಬುದು ಇನ್ನೊಂದು ಆಕ್ಷೇಪ. ಬೇಕು, ಆದರೆ ಕುರ್ಚಿ ಬಿಟ್ಟರೆ ಬಾಯಿಗೆ ಬಾರದ ಅನುಭವ ಎಂಥದ್ದು? ಪಂಡಿತರ ತಿದ್ದುಪಡಿಗಳಲ್ಲಿ ಹಿತವಾದದ್ದು ಜಾರಿಯಾಗುವುದು 'ತಕ್ಷಣದಿಂದ', ಕಹಿಯಾದದ್ದು 'ಮುಂದಿನ ಅವಧಿಯಿಂದ'.

ನಿಜವಾಗಿ ಗಟ್ಟಿಯಾದ ಆಕ್ಷೇಪ ಮೂರನೆಯದು, ಅದಕ್ಕೆ ನನ್ನಲ್ಲಿಯೂ ಅರ್ಧ ಉತ್ತರವೇ ಇದೆ. ಇಡೀ ಸಂಘದಲ್ಲಿ ಬೈಲಾ ಓದಿದವರು ಇವರೊಬ್ಬರೇ. ಮಿಕ್ಕ ಆಜೀವ ಸದಸ್ಯರು ವಿಶೇಷ ಮಹಾಸಭೆಯ ನೋಟಿಸಿನಲ್ಲಿ ಹುಡುಕುವುದು ಊಟದ ವ್ಯವಸ್ಥೆ ಇದೆಯೇ ಎಂಬುದನ್ನು. ಕೋರಂ ಇಲ್ಲದಿದ್ದರೆ ಅರ್ಧ ಗಂಟೆಯ ನಂತರ ಅದೇ ಸ್ಥಳದಲ್ಲಿ ಸಭೆ ನಡೆಯುವುದು, ಅದಕ್ಕೆ ಕೋರಂ ಬೇಕಿಲ್ಲ ಎಂಬ ಕೊನೆಯ ಸಾಲನ್ನು ಪಂಡಿತರು ನಮ್ಮನ್ನು ಚೆನ್ನಾಗಿ ಬಲ್ಲರಾದ್ದರಿಂದಲೇ ಬರೆಸುತ್ತಾರೆ. ನಾವು ಕೇಸರಿಬಾತಿನ ಹೊತ್ತಿಗೆ ಸರಿಯಾಗಿ ತಲುಪುತ್ತೇವೆ. ಅಷ್ಟರಲ್ಲಿ ತಿದ್ದುಪಡಿ ಸರ್ವಾನುಮತದಿಂದ ಅಂಗೀಕಾರವಾಗಿರುತ್ತದೆ, ವಂದನಾರ್ಪಣೆ ಮಾಡುವುದಕ್ಕೂ ಪಂಡಿತರೇ ಎದ್ದು ನಿಂತಿರುತ್ತಾರೆ.