ರಿಫ್ರೆಶ್ ರಾಯರು

ರಿಫ್ರೆಶ್ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಇದು ಡೇಟಾ ಟೀಮಿನವರು ಬೆನ್ನ ಹಿಂದೆ ಇಟ್ಟದ್ದು. ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಮಹಡಿಗೊಬ್ಬರಂತೆ ಇಂಥ ರಾಯರು ಸಿಗುತ್ತಾರೆ. ಸೇಲ್ಸ್ ಹೆಡ್ ಇರಬಹುದು, ಫೈನಾನ್ಸ್ ಹೆಡ್ ಇರಬಹುದು, ಗುರುತು ಮಾತ್ರ ಒಂದೇ: ತೋರುಬೆರಳು ಸದಾ ಎಫ್5 ಕೀ ಮೇಲೆ. ಕೀಬೋರ್ಡಿನ ಮಿಕ್ಕ ಅಕ್ಷರಗಳೆಲ್ಲ ಹೊಸದಾಗಿ ಹೊಳೆಯುತ್ತಿರುತ್ತವೆ, ಆ ಒಂದು ಕೀ ಮಾತ್ರ ಸವೆದು ಬೋಳಾಗಿರುತ್ತದೆ.

ಒಂಬತ್ತೂವರೆಗೆ ರಾಯರು ಒಳಗೆ ಬರುವುದೇ ಬೈಯುತ್ತ. "ಏನ್ ಟ್ರಾಫಿಕ್ ಸ್ವಾಮಿ ಇದು! ಒಬ್ಬೊಬ್ಬರಿಗೂ ಒಂದೊಂದು ಕಾರು ಬೇಕಾ ಈ ಊರಲ್ಲಿ?" ಎಂದು ತಮ್ಮ ಕಾರಿನ ಕೀ ಮೇಜಿನ ಮೇಲೆ ಎಸೆಯುತ್ತಾರೆ. ಆ ಕಾರಲ್ಲಿ ಬಂದವರು ಅವರೊಬ್ಬರೇ. ಈ ಸಣ್ಣ ವಿವರ ನೆನಪಿಟ್ಟುಕೊಂಡರೆ ರಾಯರ ಮುಂದಿನ ಚರಿತ್ರೆಯೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಾಫಿ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡ್ ತೆರೆದಾಯಿತು. ಕಂಪನಿಯ ಮಾರಾಟದ ಲೆಕ್ಕವೆಲ್ಲ ಸ್ನೋಫ್ಲೇಕ್ ಎಂಬ ಕ್ಲೌಡ್ ಡೇಟಾ ವೇದಿಕೆಯಲ್ಲಿದೆ. ಕೇಳಿದ್ದನ್ನು ಅದರಿಂದ ಹೆಕ್ಕಿ ಕೊಡುವ ಯಂತ್ರಕ್ಕೆ ಅಲ್ಲಿ ವೇರ್‌ಹೌಸ್ ಅನ್ನುತ್ತಾರೆ. ರಾಯರು ತಾವು ಕೇಳಿದ್ದು ಒಂದೇ ಒಂದು ಪ್ರಶ್ನೆ ಎಂದು ತಿಳಿದಿದ್ದಾರೆ. ಆದರೆ ಡ್ಯಾಶ್‌ಬೋರ್ಡಿನ ಒಂದೊಂದು ಚೌಕವೂ ಒಂದೊಂದು ಕ್ವೆರಿ. ಚೌಕ ಇಪ್ಪತ್ತು. ಸೌತು, ನಾರ್ತು, ಈಸ್ಟು, ವೆಸ್ಟು ಎಂದು ಟ್ಯಾಬ್ ನಾಲ್ಕು. ಕಾಫಿಯ ನೊರೆ ಇಳಿಯುವ ಮೊದಲೇ 80 ಕ್ವೆರಿಗಳು ಹೊರಟಿರುತ್ತವೆ. ಸ್ನೋಫ್ಲೇಕ್‌ನಲ್ಲಿ ವೇರ್‌ಹೌಸಿನ ಏಕಕಾಲದ ಮಿತಿ, ನಾವಾಗಿ ಬದಲಾಯಿಸದಿದ್ದರೆ, 8. ಚಿಕ್ಕ ಪುಟ್ಟ ಕ್ವೆರಿಗಳಾದರೆ ಇನ್ನೂ ಕೆಲವನ್ನು ಒಳಗೆ ಬಿಟ್ಟುಕೊಂಡೀತು. ಮಿಕ್ಕವು ಹೊರಗೆ ಸಾಲು ನಿಲ್ಲಬೇಕು.

ಪರದೆಯ ಮೇಲೆ ಚಕ್ರ ತಿರುಗತೊಡಗುತ್ತದೆ. ರಾಯರು ಐದು ಸೆಕೆಂಡ್ ಕಾಯುತ್ತಾರೆ. ಆಮೇಲೆ ಎಫ್5. ಹೊಸ ಇಪ್ಪತ್ತು ಹೊರಟವು. ಹಳೆಯ ಇಪ್ಪತ್ತು ಸತ್ತವೇ? ಎಷ್ಟೋ ಕಡೆ ಸಾಯುವುದಿಲ್ಲ. ಟ್ಯಾಬ್ ಮುಚ್ಚಿದರೂ ಒಳಗೊಳಗೆ ಓಡುತ್ತಲೇ ಇರುತ್ತವೆ. ಸ್ನೋಫ್ಲೇಕ್ ಒಂದು ಕ್ವೆರಿಗೆ ತಾನಾಗಿ ಕೊಡುವ ಆಯಸ್ಸು 1,72,800 ಸೆಕೆಂಡ್, ಅಂದರೆ ಎರಡು ದಿನ. ಯಾರೂ ಅದನ್ನು ತಗ್ಗಿಸದಿದ್ದರೆ, ಸೋಮವಾರ ಬೆಳಿಗ್ಗೆ ಹುಟ್ಟಿದ ಕ್ವೆರಿ ಬುಧವಾರ ಬೆಳಿಗ್ಗೆಯವರೆಗೆ ಬದುಕಿರಬಹುದು. ಅಷ್ಟರಲ್ಲಿ ರಾಯರಿಗೆ ತಾವೇನು ಕೇಳಿದ್ದೆವು ಎಂಬುದೇ ಮರೆತಿರುತ್ತದೆ.

ಮೂರನೇ ಎಫ್5 ಆದಮೇಲೆ ಫೋನ್.

"ಏನಮ್ಮಾ, ಸಿಸ್ಟಂ ಸ್ಲೋ ಇದೆ."

ನನ್ನ ಡ್ಯಾಶ್‌ಬೋರ್ಡ್ ನಿಧಾನ ಎಂದು ಅವರು ಯಾವತ್ತೂ ಹೇಳಿದವರಲ್ಲ. ಕೆಡುವುದು ಯಾವಾಗಲೂ ಸಿಸ್ಟಮ್ಮೇ. ಡೇಟಾ ಟೀಮಿನ ಹುಡುಗಿ "ನೋಡ್ತೀನಿ ಸರ್" ಅನ್ನುತ್ತಾಳೆ. ಅವರ ಮಾತಿನ ಹಿಂದೆ ಟಪ್, ಟಪ್, ಟಪ್ ಎಂಬ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ.

"ನೋಡೋದೇನು, ದೊಡ್ಡದು ಮಾಡಮ್ಮ!"

ರಾಯರ ಔಷಧಿ ಪೆಟ್ಟಿಗೆಯಲ್ಲಿ ಇರುವುದು ಇದೊಂದೇ ಗುಳಿಗೆ. ಎಕ್ಸ್-ಸ್ಮಾಲ್ ವೇರ್‌ಹೌಸಿಗೆ ಗಂಟೆಗೆ 1 ಕ್ರೆಡಿಟ್. ಒಂದೊಂದು ಮೆಟ್ಟಿಲು ಏರಿದಾಗಲೂ ಅದು ಇಮ್ಮಡಿ: ಸ್ಮಾಲ್ 2, ಮೀಡಿಯಂ 4, ಲಾರ್ಜ್ 8, ಎಕ್ಸ್-ಲಾರ್ಜ್ 16. ರಾಯರ ಗದ್ದಲಕ್ಕೆ ಮಣಿದು ಒಮ್ಮೆ ಮೀಡಿಯಮ್ಮಿನಿಂದ ಎಕ್ಸ್-ಲಾರ್ಜಿಗೆ ಏರಿಸಿದ್ದೂ ಆಯಿತು. ಗಂಟೆಯ ಖರ್ಚು ನಾಲ್ಕು ಪಟ್ಟಾಯಿತು, ಚಕ್ರ ಮಾತ್ರ ಮೊದಲಿನ ಹಾಗೇ ತಿರುಗುತ್ತಿತ್ತು. ಒಂದೇ ಭಾರಿ ಕ್ವೆರಿ ಮೆಮೊರಿ ಸಾಲದೆ ಡಿಸ್ಕಿಗೆ ಚೆಲ್ಲಿ ಒದ್ದಾಡುತ್ತಿದ್ದರೆ ದೊಡ್ಡ ವೇರ್‌ಹೌಸು ಸರಿಯಾದ ಮದ್ದು. ರಾಯರವು ಅಂಥವಲ್ಲ, ಎಲ್ಲ ಚಿಳ್ಳೆಪಿಳ್ಳೆಗಳು, ಆದರೆ ಒಟ್ಟಿಗೇ ನುಗ್ಗಿದವು. ಛತ್ರದಲ್ಲಿ ಪಂಕ್ತಿ ತುಂಬಿ ಬಾಗಿಲಲ್ಲಿ ಜನ ನಿಂತಿರುವಾಗ ಬಾಳೆಲೆ ದೊಡ್ಡದು ಹಾಸಿದರೆ ಏನು ಬಂತು? ಮಹಡಿ ಮೇಲೆ ಇನ್ನೊಂದು ಪಂಕ್ತಿ ಹಾಕಿಸಬೇಕು.

ಹುಡುಗಿ ಕ್ವೆರಿ ಹಿಸ್ಟರಿ ತೆರೆದಳು. ಒಂದು ಸಾಲಿನಲ್ಲಿ ಒಟ್ಟು ಸಮಯ ನಾಲ್ಕು ನಿಮಿಷ. ನಿಜವಾಗಿ ಕೆಲಸ ನಡೆದದ್ದು ಆರು ಸೆಕೆಂಡ್. ಹೆಚ್ಚುಕಡಿಮೆ ಮಿಕ್ಕದ್ದೆಲ್ಲ 'ಕ್ಯೂಡ್ ಓವರ್‌ಲೋಡ್ ಟೈಮ್' ಕಾಲಮ್ಮಿನಲ್ಲಿ ಕೂತಿತ್ತು. ಕೆಳಗಿನ ಸಾಲೂ ಹಾಗೇ, ಅದರ ಕೆಳಗಿನದೂ ಹಾಗೇ. ಅಂದರೆ ಕ್ವೆರಿ ನಿಧಾನವಲ್ಲ, ಸರದಿ ನಿಧಾನ. ಡ್ಯಾಶ್‌ಬೋರ್ಡಿನವರೆಲ್ಲ ಒಂದೇ ಸರ್ವಿಸ್ ಅಕೌಂಟಿನಿಂದ ಬರುವುದರಿಂದ ಯಾರದು ಯಾವುದು ಎಂದು ತಿಳಿಯಲು ಕ್ವೆರಿ ಟ್ಯಾಗ್ ಅಂಟಿಸಬೇಕಾಯಿತು. ಮಾರನೆಯ ದಿನದ ಪಟ್ಟಿಯಲ್ಲಿ ಮೊದಲ ಹೆಸರು ರಾಯರದು. ಎರಡನೆಯವರು ಬಹಳ ಹಿಂದಿದ್ದರು.

ಇದನ್ನು ಹಿರಿಯರಿಗೆ ಹೇಳುವುದು ಹೇಗೆ? ಮ್ಯಾನೇಜರ್ ಜಾಣ. 'ಟಾಪ್ ಯೂಸರ್ಸ್' ಎಂದು ತಲೆಬರಹ ಕೊಟ್ಟು ಸ್ಲೈಡ್ ಮಾಡಿಸಿದ. ಮೀಟಿಂಗಿನಲ್ಲಿ ರಾಯರು ಕನ್ನಡಕ ಸರಿಮಾಡಿಕೊಂಡು ನೋಡಿ, "ನಾನೇ ಫಸ್ಟಾ?" ಎಂದು ಮುಖ ಅರಳಿಸಿದರು. "ನೋಡಿ, ಡೇಟಾ ನೋಡಿ ಕೆಲಸ ಮಾಡೋರು ಈ ಕಂಪನೀಲಿ ಯಾರು ಅಂತ ಗೊತ್ತಾಯ್ತಲ್ಲ." ಆ ಸ್ಲೈಡನ್ನು ಮೇಲ್ ಮಾಡಿಸಿಕೊಂಡು ತಮ್ಮ ಟೀಮಿಗೆಲ್ಲ ಕಳಿಸಿ, ಎಲ್ಲರೂ ಹೀಗೇ ಆಗಬೇಕು ಎಂದು ಬರೆದರು. ಮರುದಿನ ಸಾಲು ಇನ್ನೂ ಉದ್ದವಾಯಿತು.

ಹುಡುಗಿ ಇನ್ನಷ್ಟು ಅಗೆದಾಗ ಸಿಕ್ಕಿದ್ದು ಇನ್ನೂ ಸೊಗಸು. ಸ್ನೋಫ್ಲೇಕ್ ಒಮ್ಮೆ ಕೊಟ್ಟ ಉತ್ತರವನ್ನು 24 ಗಂಟೆ ಎತ್ತಿಟ್ಟುಕೊಂಡಿರುತ್ತದೆ. ಅದೇ ಕ್ವೆರಿ ಮತ್ತೆ ಬಂದರೆ, ಒಳಗಿನ ಡೇಟಾ ಬದಲಾಗಿರದಿದ್ದರೆ, ವೇರ್‌ಹೌಸನ್ನು ಎಬ್ಬಿಸದೆಯೇ ಅದನ್ನು ಕೊಟ್ಟುಬಿಡುತ್ತದೆ. ರಾಯರಿಗೇಕೆ ಅದು ದಕ್ಕಲಿಲ್ಲ? ಹಿಂದೊಮ್ಮೆ ಅವರು ಪ್ರತಿ ಚೌಕದ ಕೆಳಗೂ ಆ ಕ್ಷಣದ ಸಮಯ ಸೆಕೆಂಡ್ ಸಮೇತ ಕಾಣಬೇಕು ಎಂದು ಹಟ ಹಿಡಿದಿದ್ದರು. ಆ ಸಮಯ ಪ್ರತಿ ಕ್ವೆರಿಯೊಳಗೂ ಹೊಕ್ಕಿತ್ತು. ಹಾಗಾಗಿ ಎತ್ತಿಟ್ಟ ಉತ್ತರ ನಡೆಯದು, ಪ್ರತಿ ಸಲವೂ ಮೊದಲಿನಿಂದ ಲೆಕ್ಕ. ಮಾರಾಟದ ಡೇಟಾ ತುಂಬುವುದಾದರೋ ದಿನಕ್ಕೆ ಒಂದೇ ಸಲ, ಬೆಳಗಿನ ಐದಕ್ಕೆ. ಅಂದರೆ ರಾಯರು ಸಂಜೆಯವರೆಗೆ ಬೆವರು ಸುರಿಸಿ ಮತ್ತೆ ಮತ್ತೆ ನೋಡುತ್ತಿದ್ದದ್ದು ಐದು ಗಂಟೆಯ ಅಂಕಿಯನ್ನೇ. ಬದಲಾಗುತ್ತಿದ್ದದ್ದು ಗಡಿಯಾರ ಮಾತ್ರ.

"ಸರ್, ಆ ಟೈಮ್ ತೆಗೆದುಬಿಡಲಾ?"

"ಬೇಡಮ್ಮ. ಲೈವ್ ಆಗಿದ್ರೆ ಒಂದು ತೂಕ ಇರತ್ತೆ."

ಕೊನೆಗೆ ಮಲ್ಟಿ-ಕ್ಲಸ್ಟರ್ ಹಾಕೋಣ ಎಂದಾಯಿತು. ಸಾಲು ಬೆಳೆದಾಗ, ಛತ್ರದ ಇನ್ನೊಂದು ಪಂಕ್ತಿಯ ಹಾಗೆ, ಇನ್ನೊಂದು ಕ್ಲಸ್ಟರ್ ತಾನಾಗಿ ಏಳುತ್ತದೆ, ಕರಗಿದಾಗ ಮಲಗುತ್ತದೆ. ಇದರಲ್ಲಿ ಎರಡು ನೀತಿಗಳಿವೆ. ಸ್ಟ್ಯಾಂಡರ್ಡ್ ಎಂಬುದು ಸಾಲು ಕಂಡ ಕೂಡಲೇ ಏಳುವಂಥದ್ದು. ಎಕಾನಮಿ ಎಂಬುದು 6 ನಿಮಿಷಕ್ಕಾಗುವಷ್ಟು ಕೆಲಸ ಇದೆ ಎಂದು ಅಂದಾಜಾದರಷ್ಟೇ ಏಳುವಂಥದ್ದು. ಫೈನಾನ್ಸಿನವರು ಹೆಸರು ನೋಡಿಯೇ ಎಕಾನಮಿಗೆ ಒಲಿದರು. ಆದರೆ 6 ನಿಮಿಷದ ಕೆಲಸ ಒಟ್ಟುಮಾಡುವುದು ರಾಯರ ಬೆರಳಿಗೆ ಯಾವ ಲೆಕ್ಕ?

ಆಗ ಹುಡುಗಿಯೇ ಉಪಾಯ ಹೂಡಿದಳು. ಎಲ್ಲರ ವೇರ್‌ಹೌಸಿನಿಂದ ರಾಯರನ್ನು ಎತ್ತಿ, ಅವರಿಗೆಂದೇ ಒಂದು ಪುಟ್ಟ ಎಕ್ಸ್-ಸ್ಮಾಲ್ ಮಾಡಿ, ಅದಕ್ಕೆ ಅವರ ಹೆಸರನ್ನೇ ಇಟ್ಟಳು. ಕಂಪನಿಯ ಉಳಿದವರಿಗೆ ಆ ಬೆಳಿಗ್ಗೆ ಚಕ್ರ ತಿರುಗುವುದೇ ನಿಂತಿತು. ರಾಯರಂತೂ ನೆಲದ ಮೇಲಿರಲಿಲ್ಲ. ಊಟದ ಮೇಜಿನಲ್ಲಿ ಸಿಕ್ಕ ಸಿಕ್ಕವರಿಗೆಲ್ಲ, "ನನಗೆ ಸಪರೇಟ್ ವೇರ್‌ಹೌಸ್ ಕೊಟ್ಟಿದಾರೆ ಕಣ್ರೀ" ಎಂದರು. ಸೈಜ್ ಎಷ್ಟು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ವಾರ ಕಳೆಯಿತು. ಫೋನ್ ಬಂತು.

"ಏನಮ್ಮಾ, ನನ್ನ ವೇರ್‌ಹೌಸಲ್ಲಿ ಯಾರೋ ಕ್ವೆರಿ ಓಡಿಸ್ತಿದಾರೆ."

"ಅದರಲ್ಲಿ ನೀವೊಬ್ಬರೇ ಸರ್ ಇರೋದು."

"ಮತ್ತೆ ಕ್ಯೂ ಹೆಂಗ್ ಬಂತು? ಯಾರೋ ನುಗ್ಗಿದಾರೆ. ಕಂಡುಹಿಡೀಲೇಬೇಕು." ಟಪ್, ಟಪ್. "ಒಂದು ಕೆಲಸ ಮಾಡು. ಯಾರ್ಯಾರು ಎಷ್ಟೆಷ್ಟು ಓಡಿಸ್ತಿದಾರೆ ಅಂತ ನನಗೊಂದು ಡ್ಯಾಶ್‌ಬೋರ್ಡ್ ಮಾಡಿಕೊಡಮ್ಮ. ಲೈವ್ ಆಗಿರ್ಲಿ."